ವಿದೇಶ ಪ್ರವಾಸದಲ್ಲಿ ಅನುವಾದಿತ ಯುರೋಪಿಯನ್ ಕಾಮಿಕ್ಸ್: ಎಲ್ಲಿ ಹುಡುಕಬೇಕು, ಯಾವ ಹೆಸರಿನಲ್ಲಿ ಕೇಳಬೇಕು?

ಮೈಸೂರಿನ ಓದುಗಿ:

ಎಲ್ಲರಿಗೂ ನಮಸ್ಕಾರ. ಬರುವ ಜೂನ್‌ನಲ್ಲಿ ಮಗಳ ಮನೆಯಲ್ಲಿ ಐದು ವಾರ ಇರಲು ಜರ್ಮನಿಯ ಕಲೋನ್‌ಗೆ ಹೊರಟಿದ್ದೇನೆ. ನಡುವೆ ಬ್ರಸೆಲ್ಸ್‌ನಲ್ಲಿ ಮೂರು ದಿನ, ಹಿಂದಿರುಗುವಾಗ ಲಂಡನ್‌ನಲ್ಲಿ ಎರಡು ದಿನ ತಂಗುತ್ತೇನೆ. ಹೈಸ್ಕೂಲಿನಲ್ಲಿದ್ದಾಗ ನಮ್ಮೂರಿನ ಗ್ರಂಥಾಲಯದಲ್ಲಿ ಬೆಲ್ಜಿಯಂನ ಟಿನ್‌ಟಿನ್ ಮತ್ತು ಫ್ರಾನ್ಸ್‌ನ ಆಸ್ಟೆರಿಕ್ಸ್ ಕಾಮಿಕ್ಸ್‌ನ ಇಂಗ್ಲಿಷ್ ಪುಸ್ತಕಗಳನ್ನು ಸರದಿ ಕಾದು ಓದಿದವಳು ನಾನು. ಅವುಗಳ ಹಿಂಬದಿಯ ರಟ್ಟಿನ ಮೇಲೆ ಅಚ್ಚಾಗಿರುತ್ತಿದ್ದ ಇತರ ಪುಸ್ತಕಗಳ ಪಟ್ಟಿಯನ್ನು ನೋಟುಪುಸ್ತಕದಲ್ಲಿ ಬರೆದಿಟ್ಟುಕೊಂಡದ್ದು ಈಗಲೂ ನನ್ನ ಬಳಿ ಇದೆ. ಟಿನ್‌ಟಿನ್ ಹುಟ್ಟಿದ ಊರಿಗೇ ಹೋಗುತ್ತಿರುವುದರಿಂದ ಅಲ್ಲಿ ಇಂಗ್ಲಿಷ್ ಅನುವಾದಗಳು ಹೇರಳವಾಗಿ ಸಿಗಬಹುದೆಂದು ನಾನು ಭಾವಿಸಿದ್ದೇನೆ. ಈ ಎಣಿಕೆ ಸರಿಯೇ? ಯಾವ ಊರಿನಲ್ಲಿ ಏನನ್ನು ಹುಡುಕಬೇಕು? ವಿಮಾನದಲ್ಲಿ 23 ಕಿಲೋ ಮಾತ್ರ ತರಬಹುದಾದ್ದರಿಂದ ಯೋಚಿಸಿ ಕೊಳ್ಳಬೇಕಾಗಿದೆ. ಅನುಭವವಿದ್ದವರು ದಯವಿಟ್ಟು ತಿಳಿಸಬೇಕು.

ಡಸೆಲ್ಡಾರ್ಫ್ ಕನ್ನಡಿಗ:

ನಮಸ್ಕಾರ ಮೇಡಂ. ನಿಮ್ಮ ಎಣಿಕೆ ಬಹಳ ಸಹಜವಾದದ್ದು, ಆದರೆ ವಾಸ್ತವ ಅದಕ್ಕೆ ವಿರುದ್ಧವಾಗಿದೆ. ಅನುವಾದಿತ ಪುಸ್ತಕವು ಸಾಮಾನ್ಯವಾಗಿ ಮೂಲ ಲೇಖಕನ ಊರಿನಲ್ಲಿ ಸಿಗುವುದಿಲ್ಲ, ಆ ಅನುವಾದವನ್ನು ಓದುವವರ ಊರಿನಲ್ಲಿ ಸಿಗುತ್ತದೆ. ಇಂಗ್ಲಿಷ್ ಅನುವಾದಗಳನ್ನು ಲಂಡನ್ನಿಗೆ ಬಿಟ್ಟುಬಿಡಿ. ಕಲೋನ್‌ನಲ್ಲಿ ನಿಮಗೆ ಸಿಗುವುದು ಫ್ರೆಂಚ್, ಇಟಾಲಿಯನ್ ಮತ್ತು ಸ್ಪ್ಯಾನಿಷ್‌ನಿಂದ ಜರ್ಮನ್‌ಗೆ ಬಂದ ಕಾಮಿಕ್ಸ್. ಅವೂ ಅನುವಾದಗಳೇ, ಅವುಗಳಲ್ಲಿ ಕೆಲವು ಇಂಗ್ಲಿಷ್ ಅನುವಾದಗಳಿಗಿಂತಲೂ ಸೊಗಸಾಗಿವೆ.

ಆದರೆ ಮೊದಲು ಹೆಸರುಗಳನ್ನು ತಿಳಿದಿರಬೇಕು. ಇಲ್ಲಿ ಅಂಗಡಿಯವರನ್ನು ಟಿನ್‌ಟಿನ್ ಎಲ್ಲಿದೆ ಎಂದು ಕೇಳಿದರೆ ಅವರು ಕ್ಷಣಕಾಲ ಯೋಚಿಸಬೇಕಾಗುತ್ತದೆ, ಏಕೆಂದರೆ ಜರ್ಮನ್ ಮಕ್ಕಳಿಗೆ ಆತ ಟಿಮ್, ಅವನ ನಾಯಿ ಸ್ಟ್ರುಪ್ಪಿ, ಪುಸ್ತಕದ ಮೇಲಿರುವುದು ‘ಟಿಮ್ ಉಂಡ್ ಸ್ಟ್ರುಪ್ಪಿ’. ಅದೇ ಕಥೆಗಳ ಪ್ರೊಫೆಸರ್ ಕ್ಯಾಲ್ಕ್ಯುಲಸ್ ಇಲ್ಲಿ ಬೀನ್‌ಲೈನ್, ಪತ್ತೇದಾರರಾದ ಥಾಮ್ಸನ್ ಜೋಡಿ ಶುಲ್ಟ್ಸೆ ಮತ್ತು ಶುಲ್ಟ್ಸೆ, ಕಾಗುಣಿತದಲ್ಲಿ ಮಾತ್ರ ಒಂದಕ್ಷರದ ವ್ಯತ್ಯಾಸ. ಆಸ್ಟೆರಿಕ್ಸ್‌ನ ಪುರೋಹಿತ ಗೆಟಾಫಿಕ್ಸ್ ಇಲ್ಲಿ ಮಿರಾಕುಲಿಕ್ಸ್. ನೀಲಿ ಮೈಯ ಕುಳ್ಳರಾದ ಸ್ಮರ್ಫ್‌ಗಳನ್ನು ಶ್ಲುಂಫೆ ಎಂದು ಕೇಳಬೇಕು. ಸ್ಪೇನ್‌ನ ಮೊರ್ಟಾಡೆಲೊ ಮತ್ತು ಫಿಲೆಮೋನ್ ಎಂಬ ಪತ್ತೇದಾರರ ಜೋಡಿ ಇಲ್ಲಿ ‘ಕ್ಲೆವರ್ ಉಂಡ್ ಸ್ಮಾರ್ಟ್’ ಎಂಬ ಹೆಸರಿನಲ್ಲಿ ಎಷ್ಟು ಪರಿಚಿತವೆಂದರೆ, ಅದು ಸ್ಪೇನ್‌ನದ್ದೆಂಬುದೇ ಅನೇಕ ಓದುಗರ ಗಮನಕ್ಕೆ ಬಂದಿರುವುದಿಲ್ಲ.

ಇಲ್ಲಿ ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ಆದರೆ ದೊಡ್ಡ ರೈಲು ನಿಲ್ದಾಣಗಳ ಪುಸ್ತಕದಂಗಡಿಗಳು ತೆರೆದಿರುತ್ತವೆ. ಅಲ್ಲಿ ‘ಲುಸ್ಟಿಗೆಸ್ ಟಾಶೆನ್‌ಬುಖ್’ ಎಂಬ ಅಂಗೈಗಿಂತ ಸ್ವಲ್ಪ ದೊಡ್ಡದಾದ ದಪ್ಪ ಪುಸ್ತಕಗಳ ಸಾಲು ಕಾಣುತ್ತದೆ. 1967ರಿಂದ ಪ್ರಕಟವಾಗುತ್ತಿರುವ ಈ ಸರಣಿಯ ನಾಯಕ ಅಮೆರಿಕದ ಡೊನಾಲ್ಡ್ ಡಕ್ ಆದರೂ, ಅದರ ಕಥೆಗಳಲ್ಲಿ ಬಹುಪಾಲು ಇಟಲಿಯಲ್ಲಿ ಬರೆದು ಚಿತ್ರಿಸಿದವು. ಯುರೋಪಿನ ಕಾಮಿಕ್ಸ್ ಅನುವಾದವಾಗಿ ಜನಸಾಮಾನ್ಯರ ಕೈಗೆ ತಲುಪುವ ಬಗೆಯನ್ನು ನೋಡಬೇಕಾದರೆ ಯಾವ ದೊಡ್ಡ ಅಂಗಡಿಗಿಂತಲೂ ಈ ರೈಲು ನಿಲ್ದಾಣದ ಕಪಾಟೇ ಒಳ್ಳೆಯ ಸ್ಥಳ.

ಬೆಲೆಯ ಬಗ್ಗೆಯೂ ಹೇಳಬೇಕು. ಜರ್ಮನಿಯಲ್ಲಿ ಹೊಸ ಪುಸ್ತಕಕ್ಕೆ ಪ್ರಕಾಶಕರು ನಿಗದಿಪಡಿಸಿದ ಬೆಲೆಯೇ ಕಾನೂನಿನಂತೆ ಎಲ್ಲ ಅಂಗಡಿಗಳಲ್ಲೂ ಇರುತ್ತದೆ. ಫ್ರಾನ್ಸ್‌ನಲ್ಲಿ 1981ರ ಕಾನೂನಿನ ಪ್ರಕಾರ ಶೇಕಡಾ 5ಕ್ಕಿಂತ ಹೆಚ್ಚು ರಿಯಾಯಿತಿ ಕೊಡುವಂತಿಲ್ಲ. ಆದ್ದರಿಂದ ಕಡಿಮೆ ಬೆಲೆಗಾಗಿ ಅಂಗಡಿಯಿಂದ ಅಂಗಡಿಗೆ ಅಲೆದು ಪ್ರಯೋಜನವಿಲ್ಲ. ಅಂಚಿನಲ್ಲಿ ‘ಮೆಂಗೆಲ್‌ಎಕ್ಸೆಂಪ್ಲಾರ್’ ಎಂಬ ಮುದ್ರೆ ಒತ್ತಿದ ಪ್ರತಿಗಳು ಕಂಡರೆ ಮಾತ್ರ ಎತ್ತಿಕೊಳ್ಳಿ. ರಟ್ಟಿನ ಮೂಲೆ ನಲುಗಿದಂತಹ ಸಣ್ಣ ದೋಷಗಳಿಗಾಗಿ ಅವನ್ನು ಅಗ್ಗವಾಗಿ ಮಾರುತ್ತಾರೆ.

ಇನ್ನೊಂದು ವಿಶೇಷ. ಆಸ್ಟೆರಿಕ್ಸ್ ಜರ್ಮನಿಯ ಪ್ರಾದೇಶಿಕ ಆಡುನುಡಿಗಳಲ್ಲೂ ಬಂದಿದೆ. ನೀವು ತಂಗುವ ಕಲೋನ್‌ನ ನುಡಿಯಾದ ಕೋಲ್ಶ್‌ನಲ್ಲೂ ಇದೆ. ನಮ್ಮ ಕುಂದಾಪುರದ ಕನ್ನಡದಲ್ಲಿ ಒಂದು ಆಸ್ಟೆರಿಕ್ಸ್ ಬಂದರೆ ಹೇಗಿರುತ್ತದೆ, ಹಾಗೆ.

ಹುಬ್ಬಳ್ಳಿಯ ಪ್ರವಾಸಿ:

ಕಲೋನ್‌ನಿಂದ ಬ್ರಸೆಲ್ಸ್‌ಗೆ ವೇಗದ ರೈಲಿನಲ್ಲಿ ಎರಡು ಗಂಟೆಯೊಳಗಿನ ಪ್ರಯಾಣ. ನಾನು ಎರಡು ಬಾರಿ ಹೋಗಿ ಬಂದಿದ್ದೇನೆ. ಮೊದಲ ದಿನ ರ‍್ಯೂ ದೆ ಸಾಬ್ಲ್ ಎಂಬ ಬೀದಿಯ ಕಾಮಿಕ್ಸ್ ವಸ್ತುಸಂಗ್ರಹಾಲಯಕ್ಕೆ ಹೋಗಿ. ವಾಸ್ತುಶಿಲ್ಪಿ ವಿಕ್ಟರ್ ಓರ್ಟಾ ವಿನ್ಯಾಸಗೊಳಿಸಿದ ಬಟ್ಟೆ ವ್ಯಾಪಾರದ ಮಳಿಗೆಯೊಂದು ಪಾಳುಬಿದ್ದಿದ್ದು, ಅದನ್ನು ಉಳಿಸಿ 1989ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆದರು. ಮೇಲಿನ ಗಾಜಿನ ಛಾವಣಿಯಿಂದ ಇಳಿಯುವ ಬೆಳಕಿನಲ್ಲಿ ಮೂಲ ಚಿತ್ರಗಳನ್ನು ನೋಡುತ್ತ ನಿಂತಾಗ ನನಗೆ ಹೊತ್ತು ಹೋದದ್ದೇ ತಿಳಿಯಲಿಲ್ಲ.

ಬ್ರಸೆಲ್ಸ್ ಎರಡು ಭಾಷೆಗಳ ಊರು. ಬೀದಿಯ ಫಲಕದ ಮೇಲೆ ಫ್ರೆಂಚ್ ಮತ್ತು ಡಚ್ ಎರಡೂ ಇರುವಂತೆ, ಅಲ್ಲಿನ ಕಾಮಿಕ್ಸ್‌ಗೂ ಎರಡು ಹೆಸರು. ಡಚ್ ಓದುಗರಿಗೆ ಟಿನ್‌ಟಿನ್ ಎಂದರೆ ಕೌಫ್ಯೆ, ಅವನ ನಾಯಿ ಬಾಬಿ. ವಿಲ್ಲಿ ವಾಂಡರ್‌ಸ್ಟೀನ್ ಅವರು 1945ರಲ್ಲಿ ಡಚ್‌ನಲ್ಲಿ ಆರಂಭಿಸಿದ ‘ಸುಸ್ಕೆ ಎನ್ ವಿಸ್ಕೆ’ ಅದೇ ಊರಿನ ಫ್ರೆಂಚ್ ಓದುಗರಿಗೆ ‘ಬಾಬ್ ಎ ಬಾಬೆಟ್’ ಆಗುತ್ತದೆ, ಇಂಗ್ಲಿಷಿನಲ್ಲಿ ‘ಸ್ಪೈಕ್ ಆ್ಯಂಡ್ ಸೂಜಿ’ ಆಗಿದೆ. ಒಂದೇ ದೇಶದೊಳಗೆ ಇಷ್ಟೊಂದು ಅನುವಾದ ನಡೆಯುವುದನ್ನು ಕಂಡಾಗ ನಮ್ಮ ನಾಡಿನ ನೆನಪಾಗುವುದು ಸಹಜ.

ಹೊಸ ಪ್ರತಿಗಳು ಬೇಕಾದರೆ ಗ್ರ್ಯಾಂಡ್ ಪ್ಲಾಸ್ ಚೌಕದ ಪಕ್ಕದ ಟಿನ್‌ಟಿನ್ ಅಂಗಡಿಯಲ್ಲಿ ಇಂಗ್ಲಿಷ್ ಸೇರಿದಂತೆ ಹಲವು ಭಾಷೆಗಳ ಆವೃತ್ತಿಗಳಿವೆ. ಹಳೆಯ ಪ್ರತಿಗಳು ಬೇಕಾದರೆ ಮಾರೋಲ್ ಬಡಾವಣೆಯ ಪ್ಲಾಸ್ ದ್ಯು ಜ್ಯೂ ದ ಬಾಲ್ ಚೌಕದ ಹಳೆಸಾಮಾನಿನ ಸಂತೆಗೆ ಬೆಳಿಗ್ಗೆಯೇ ಹೋಗಬೇಕು. ಟಿನ್‌ಟಿನ್ ಹಡಗಿನ ಮಾದರಿಯೊಂದನ್ನು ಕೊಂಡುಕೊಳ್ಳುವ ‘ಯೂನಿಕಾರ್ನ್’ ಕಥೆಯ ಆರಂಭ ನಡೆಯುವುದು ಇದೇ ಸಂತೆಯಲ್ಲಿ. ನೆಲದ ಮೇಲೆ ಹಾಸಿದ ಕಂಬಳಿಗಳ ಮೇಲೆ ತಟ್ಟೆ, ದೀಪ, ಚೌಕಟ್ಟುಗಳ ನಡುವೆ ರಟ್ಟಿನ ಪೆಟ್ಟಿಗೆಗಳಲ್ಲಿ ಹಳೆಯ ಆಲ್ಬಂಗಳು, ಅಂದರೆ ದೊಡ್ಡ ಗಾತ್ರದ ಕಾಮಿಕ್ಸ್ ಪುಸ್ತಕಗಳು, ಇರುತ್ತವೆ. ಆ ಬಡಾವಣೆಯ ಆಡುಮಾತನ್ನೇ ಆಧರಿಸಿ ಟಿನ್‌ಟಿನ್‌ನ ಕರ್ತೃ ಹೆರ್ಜೆ ತಮ್ಮ ಕಾಲ್ಪನಿಕ ದೇಶ ಸಿಲ್ಡೇವಿಯಾದ ಭಾಷೆಯನ್ನು ಕಟ್ಟಿದರು. ನಾವು ಇಂಗ್ಲಿಷಿನಲ್ಲಿ ಓದುವಾಗ ಅರ್ಥವಿಲ್ಲದ ವಿಚಿತ್ರ ಶಬ್ದಗಳೆಂದು ದಾಟಿಹೋಗಿದ್ದ ಮಾತುಗಳು ಆ ಸಂತೆಯ ಜನರಿಗೆ ಅರ್ಥವಾಗುತ್ತಿದ್ದ ಮಾತುಗಳು.

ಮೈಸೂರಿನ ಓದುಗಿ:

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಹೆಸರುಗಳನ್ನೆಲ್ಲ ಹಳೆಯ ನೋಟುಪುಸ್ತಕದಲ್ಲೇ ಬರೆದುಕೊಂಡೆ. ಈಗ ಇನ್ನೊಂದು ಸಂದೇಹ. ನಿವೃತ್ತಿಯ ನಂತರ ಎರಡು ವರ್ಷಗಳಿಂದ ಫ್ರೆಂಚ್ ಕಲಿಯುತ್ತಿದ್ದೇನೆ, ಇನ್ನೂ ಸರಾಗವಾಗಿ ಓದಲು ಬರುವುದಿಲ್ಲ. ಇಂಗ್ಲಿಷ್ ಪ್ರತಿಗಳನ್ನೇ ತರಬೇಕೇ, ಅಥವಾ ಧೈರ್ಯಮಾಡಿ ಫ್ರೆಂಚ್ ಮೂಲವನ್ನೂ ಕೊಳ್ಳಬಹುದೇ?

ಧಾರವಾಡದ ಫ್ರೆಂಚ್ ಶಿಕ್ಷಕಿ:

ಮೇಡಂ, ಖಂಡಿತ ಕೊಳ್ಳಿ, ಆದರೆ ಆಯ್ಕೆಯಲ್ಲಿ ಎಚ್ಚರವಿರಲಿ. ನನ್ನ ವಿದ್ಯಾರ್ಥಿಗಳಿಗೆ ನಾನು ಮೊದಲು ಕೊಡುವುದು ಟಿನ್‌ಟಿನ್ ಅನ್ನೇ ಹೊರತು ಆಸ್ಟೆರಿಕ್ಸ್ ಅನ್ನಲ್ಲ. ಹೆರ್ಜೆಯ ವಾಕ್ಯಗಳು ತಿಳಿಯಾಗಿರುತ್ತವೆ, ಚಿತ್ರವು ಮಾತಿನ ಅರ್ಧದಷ್ಟನ್ನು ಮೊದಲೇ ಹೇಳಿರುತ್ತದೆ. ಗೊಸಿನಿ ಅವರು ಬರೆದ ಆಸ್ಟೆರಿಕ್ಸ್‌ನಲ್ಲಿ ಸೊಗಸೆಲ್ಲ ಶ್ಲೇಷೆಯಲ್ಲಿದೆ. ಚಿತ್ರ ನೋಡಿ ಕಥೆ ತಿಳಿಯುತ್ತದೆ, ಆದರೆ ನಗು ತಪ್ಪಿಹೋಗುತ್ತದೆ.

ಆಸ್ಟೆರಿಕ್ಸ್‌ನ ಗೆಳೆಯ ಒಬೆಲಿಕ್ಸ್‌ನ ಪುಟ್ಟ ನಾಯಿಯ ಹೆಸರನ್ನೇ ತೆಗೆದುಕೊಳ್ಳಿ. ಫ್ರೆಂಚ್‌ನಲ್ಲಿ ಅದು ಇಡೆಫಿಕ್ಸ್. ಮನಸ್ಸಿನಲ್ಲಿ ಕಚ್ಚಿಕೊಂಡು ಬಿಡದ ಒಂದೇ ವಿಚಾರ ಎಂಬ ಅರ್ಥದ ನುಡಿಗಟ್ಟಿನಿಂದ ಬಂದದ್ದು. ಇಂಗ್ಲಿಷಿಗೆ ತಂದ ಆಂಥಿಯಾ ಬೆಲ್ ಮತ್ತು ಡೆರೆಕ್ ಹಾಕ್ರಿಜ್ ಅದನ್ನು ಡಾಗ್‌ಮ್ಯಾಟಿಕ್ಸ್ ಮಾಡಿದರು. ಹಟಮಾರಿ ವಿಚಾರವೂ ಉಳಿಯಿತು, ನಾಯಿಯೂ ಒಳಗೆ ಬಂದು ಕುಳಿತಿತು! ಮೂಲಕ್ಕಿಂತ ಒಂದು ಹೆಜ್ಜೆ ಮುಂದೆ ಹೋದ ಅನುವಾದವೆಂದು ನಾನು ಇದನ್ನು ತರಗತಿಯಲ್ಲಿ ಪ್ರತಿ ವರ್ಷ ಹೇಳುತ್ತೇನೆ.

ಆಸ್ಟೆರಿಕ್ಸ್ ಬ್ರಿಟನ್ನಿಗೆ ಹೋಗುವ ಆಲ್ಬಂ ಇನ್ನೂ ಕಠಿಣವಾದ ಪರೀಕ್ಷೆ. ಮೂಲದಲ್ಲಿ ಬ್ರಿಟನ್ ಜನರು ಇಂಗ್ಲಿಷಿನ ಪದಕ್ರಮದಲ್ಲಿ ಫ್ರೆಂಚ್ ಮಾತನಾಡುತ್ತಾರೆ, ವಿಶೇಷಣವನ್ನು ನಾಮಪದಕ್ಕಿಂತ ಮೊದಲು ತಪ್ಪಾಗಿ ಇಡುತ್ತಾರೆ, ಇಂಗ್ಲಿಷ್ ನುಡಿಗಟ್ಟುಗಳನ್ನು ಪದಶಃ ಫ್ರೆಂಚ್‌ಗೆ ಎಳೆದು ತರುತ್ತಾರೆ. ಅದನ್ನೇ ಇಂಗ್ಲಿಷಿಗೆ ತಂದರೆ ಎಲ್ಲವೂ ಸರಿಯಾದ ಇಂಗ್ಲಿಷೇ ಆಗಿಬಿಡುತ್ತದೆ, ತಮಾಷೆಯೇ ಉಳಿಯುವುದಿಲ್ಲ. ಅನುವಾದಕರು ಆ ಪಾತ್ರಗಳ ಬಾಯಲ್ಲಿ ಹಳೆಯ ಕಾಲದ ಸಿರಿವಂತ ಇಂಗ್ಲಿಷರ ಮಾತಿನ ಧಾಟಿಯನ್ನು ಇಟ್ಟು ಈ ಕಷ್ಟವನ್ನು ದಾಟಿದರು. ಈ ಒಂದು ಆಲ್ಬಂ ಅನ್ನು ಎರಡೂ ಭಾಷೆಗಳಲ್ಲಿ ಕೊಂಡು ಅಕ್ಕಪಕ್ಕ ಇಟ್ಟು ಓದಿ ನೋಡಿ.

ಮತ್ತೊಂದು ಅಂಶ ನಮಗೆ ಕನ್ನಡಿಗರಿಗೆ ಬೇಗ ಹಿಡಿಸುತ್ತದೆ. ಫ್ರೆಂಚ್, ಜರ್ಮನ್, ಡಚ್ ಮೂರರಲ್ಲೂ ‘ನೀನು’ ಮತ್ತು ‘ನೀವು’ ಬೇರೆ ಬೇರೆ. ಆಸ್ಟೆರಿಕ್ಸ್ ಮತ್ತು ಒಬೆಲಿಕ್ಸ್ ಪರಸ್ಪರ ‘ನೀನು’ ಎನ್ನುತ್ತಾರೆ. ಇಂಗ್ಲಿಷ್ ಪ್ರತಿಯಲ್ಲಿ ಈ ಸಲುಗೆ, ಗೌರವ, ಸಿಟ್ಟು ಬಂದಾಗ ಒಂದರಿಂದ ಇನ್ನೊಂದಕ್ಕೆ ಜಿಗಿಯುವುದು ಎಲ್ಲವೂ ಒಂದೇ ಪದದಲ್ಲಿ ಕರಗಿಹೋಗಿರುತ್ತದೆ. ಬಾಲ್ಯದಲ್ಲಿ ಇಂಗ್ಲಿಷಿನಲ್ಲಿ ಓದಿದ ಕಥೆಯನ್ನು ಫ್ರೆಂಚ್‌ನಲ್ಲಿ ಮತ್ತೆ ಓದಿದಾಗ, ಯಾರು ಯಾರಿಗೆ ಎಷ್ಟು ಹತ್ತಿರ ಎಂಬುದು ನಮ್ಮ ಭಾಷೆಯಲ್ಲಿ ತಿಳಿಯುವಂತೆಯೇ ತಿಳಿಯುತ್ತದೆ.

ಬೆಂಗಳೂರಿನ ಸಂಗ್ರಾಹಕ:

ನನ್ನದು ಸ್ವಲ್ಪ ಭಿನ್ನವಾದ ಅಭಿಪ್ರಾಯ. ಟಿನ್‌ಟಿನ್ ಮತ್ತು ಆಸ್ಟೆರಿಕ್ಸ್‌ನ ಇಂಗ್ಲಿಷ್ ಪ್ರತಿಗಳು ಚರ್ಚ್ ಸ್ಟ್ರೀಟ್‌ನ ಅಂಗಡಿಗಳಲ್ಲೇ ಸಿಗುತ್ತವೆ, ಅಂತರಜಾಲದಲ್ಲೂ ತರಿಸಿಕೊಳ್ಳಬಹುದು. ಒಂದು ಗಟ್ಟಿ ರಟ್ಟಿನ ಆಲ್ಬಂ ಅಂದಾಜು ಅರ್ಧ ಕಿಲೋ ತೂಗುತ್ತದೆ. ಇಲ್ಲೇ ಸಿಗುವುದನ್ನು ಏಳು ಸಮುದ್ರ ದಾಟಿ ಏಕೆ ಹೊತ್ತು ತರಬೇಕು? ಇಲ್ಲಿ ಸಿಗದ್ದನ್ನು ಮಾತ್ರ ತನ್ನಿ.

ಲಂಡನ್ ನಿವಾಸಿ:

ಬೆಂಗಳೂರಿನ ಸ್ನೇಹಿತರ ಮಾತನ್ನು ನಾನು ಒಪ್ಪುತ್ತೇನೆ, ಆದ್ದರಿಂದಲೇ ಲಂಡನ್‌ನಲ್ಲಿ ಮೇಡಂ ಏನನ್ನು ಹುಡುಕಬೇಕೆಂದು ವಿವರವಾಗಿ ಹೇಳುತ್ತೇನೆ. ಇಲ್ಲಿ ಕೇಳಬೇಕಾದ ಹೆಸರು ಸಿನೆಬುಕ್. ಕ್ಯಾಂಟರ್ಬರಿಯಲ್ಲಿ 2005ರಲ್ಲಿ ಆರಂಭವಾದ ಈ ಪ್ರಕಾಶನ ಫ್ರೆಂಚ್ ಮತ್ತು ಬೆಲ್ಜಿಯನ್ ಕಾಮಿಕ್ಸ್‌ಗಳನ್ನು ಇಂಗ್ಲಿಷಿಗೆ ತರುವುದನ್ನೇ ಮುಖ್ಯ ಕೆಲಸವಾಗಿಸಿಕೊಂಡಿದೆ. ಲಕ್ಕಿ ಲ್ಯೂಕ್, ಬ್ಲೇಕ್ ಮತ್ತು ಮಾರ್ಟಿಮರ್, ಯೋಕೊ ತ್ಸುನೊ, ಥೋರ್ಗಲ್, ವಲೇರಿಯನ್, ಸ್ಪಿರೂ, ಎಲ್ಲವೂ ಅದರ ಪಟ್ಟಿಯಲ್ಲಿವೆ. ಸೊಹೊ ಪ್ರದೇಶದ ಬರ್ವಿಕ್ ಸ್ಟ್ರೀಟ್‌ನಲ್ಲಿರುವ ‘ಗಾಶ್’ ಅಂಗಡಿಯಲ್ಲಿ ಯುರೋಪಿನ ಅನುವಾದಗಳನ್ನು ಬಲ್ಲವರು ಕೆಲಸ ಮಾಡುತ್ತಾರೆ, ಕೇಳಿದರೆ ಪ್ರೀತಿಯಿಂದ ತೋರಿಸುತ್ತಾರೆ.

ಕೊಳ್ಳುವ ಮೊದಲು ಎರಡು ವಿಷಯ ತಿಳಿದಿರಲಿ. ಸಿನೆಬುಕ್‌ನ ಕ್ರಮಸಂಖ್ಯೆ ಮೂಲದ ಕ್ರಮಸಂಖ್ಯೆಯಲ್ಲ. ಲಕ್ಕಿ ಲ್ಯೂಕ್‌ನ ಇಂಗ್ಲಿಷ್ ಸರಣಿಯ ಮೊದಲ ಪುಸ್ತಕ ಬಿಲ್ಲಿ ದ ಕಿಡ್‌ನ ಕಥೆ, ಮೂಲದಲ್ಲಿ ಅದು 20ನೆಯದು. ಎರಡನೆಯದಾಗಿ, ದೊಡ್ಡವರಿಗಾಗಿ ಬರೆದ ಕೆಲವು ಸರಣಿಗಳ ಇಂಗ್ಲಿಷ್ ಪ್ರತಿಗಳಲ್ಲಿ ಮೂಲದ ನಗ್ನತೆಗೆ ಬಟ್ಟೆ ತೊಡಿಸಿದ್ದಾರೆ. ಮೂಲ ಕಲಾವಿದರ ಗೆರೆಯ ಮೇಲೆ ಬೇರೊಂದು ಗೆರೆ ಬಿದ್ದಿರುವುದು ನನಗೆ ಸರಿಕಾಣುವುದಿಲ್ಲ. ಇನ್ನು ಟಿನ್‌ಟಿನ್‌ನ ಮೂರು ಕಥೆಗಳನ್ನು ಒಂದೇ ಸಂಪುಟದಲ್ಲಿ ಕಟ್ಟಿದ ಸಣ್ಣ ಗಾತ್ರದ ಪುಸ್ತಕಗಳು ಹಗುರವೆಂಬ ಕಾರಣಕ್ಕೆ ಆಸೆ ಹುಟ್ಟಿಸುತ್ತವೆ. ದಯವಿಟ್ಟು ಅವನ್ನು ಕೊಳ್ಳಬೇಡಿ. ಪುಟವನ್ನು ಕುಗ್ಗಿಸಿದಾಗ ಮಾತಿನ ಗುಳ್ಳೆಯೊಳಗಿನ ಅಕ್ಷರ ನಮ್ಮ ವಯಸ್ಸಿನ ಕಣ್ಣಿಗೆ ತೊಂದರೆ ಕೊಡುತ್ತದೆ, ಹೆರ್ಜೆ ದೊಡ್ಡ ಪುಟಕ್ಕೆಂದೇ ಜೋಡಿಸಿದ ಹಿನ್ನೆಲೆಯ ವಿವರಗಳೂ ಮಸುಕಾಗುತ್ತವೆ.

ಹಳೆಯ ಪ್ರತಿಗಳಿಗಾಗಿ ಇಲ್ಲಿನ ದತ್ತಿ ಸಂಸ್ಥೆಗಳು ನಡೆಸುವ ಹಳೆ ಪುಸ್ತಕದಂಗಡಿಗಳನ್ನು ನೋಡಿ. ಮೆಥ್ಯೂಯೆನ್ ಪ್ರಕಾಶನದ ಟಿನ್‌ಟಿನ್ ಪ್ರತಿಗಳು ಅಲ್ಲಿ ಆಗಾಗ ಕಾಣಿಸುತ್ತವೆ. ಲೆಸ್ಲಿ ಲಾನ್ಸ್‌ಡೇಲ್-ಕೂಪರ್ ಮತ್ತು ಮೈಕೆಲ್ ಟರ್ನರ್ ಅವರ ಅನುವಾದವನ್ನು ಅದು 1958ರಿಂದ ಪ್ರಕಟಿಸತೊಡಗಿತು. ಈ ಅನುವಾದದಿಂದಾಗಿ ಮೂಲವೇ ಬದಲಾದ ಪ್ರಸಂಗವೂ ಉಂಟು. ‘ಬ್ಲ್ಯಾಕ್ ಐಲ್ಯಾಂಡ್’ ಕಥೆ ನಡೆಯುವುದು ಬ್ರಿಟನ್‌ನಲ್ಲಿ. ಅದರ ಚಿತ್ರಗಳಲ್ಲಿ ಬ್ರಿಟನ್ ಸರಿಯಾಗಿ ಮೂಡಿಲ್ಲವೆಂದು ಮೆಥ್ಯೂಯೆನ್ 131 ತಪ್ಪುಗಳ ಪಟ್ಟಿ ಕಳುಹಿಸಿತು. ಹೆರ್ಜೆ ತಮ್ಮ ಸಹಾಯಕ ಬಾಬ್ ದ ಮೂರ್ ಅವರನ್ನು ಬ್ರಿಟನ್ನಿಗೆ ಕಳಿಸಿ, ರೈಲು, ಪೊಲೀಸರ ಉಡುಪು, ಕಟ್ಟಡಗಳನ್ನೆಲ್ಲ ನೋಡಿ ಬರೆಸಿಕೊಂಡು, ಇಡೀ ಆಲ್ಬಂ ಅನ್ನು ಹೊಸದಾಗಿ ಚಿತ್ರಿಸಿ 1966ರಲ್ಲಿ ಹೊರತಂದರು. ಇಂದು ಫ್ರೆಂಚ್ ಮಕ್ಕಳು ಓದುವುದೂ ಈ ಹೊಸ ರೂಪವನ್ನೇ.

ಚೆನ್ನೈನಲ್ಲಿರುವ ಕನ್ನಡಿಗ:

ಎಲ್ಲರೂ ಯುರೋಪಿನ ಬಗ್ಗೆ ಬರೆದಿದ್ದಾರೆ. ಪಕ್ಕದ ರಾಜ್ಯವನ್ನೂ ನೋಡಬೇಕೆಂದು ಕೋರುತ್ತೇನೆ. ಶಿವಕಾಶಿಯಿಂದ ಹೊರಡುವ ಮುತ್ತು ಕಾಮಿಕ್ಸ್ 1972ರಲ್ಲಿ, ಲಯನ್ ಕಾಮಿಕ್ಸ್ 1984ರಲ್ಲಿ ಆರಂಭವಾದವು. ಲಕ್ಕಿ ಲ್ಯೂಕ್, ಇಟಲಿಯ ಟೆಕ್ಸ್, ಬೆಲ್ಜಿಯಂನ ಥರ್ಟೀನ್, ಎಲ್ಲವೂ ಅಲ್ಲಿ ತಮಿಳಿನಲ್ಲಿವೆ. ಫ್ರಾನ್ಸ್‌ನ ಬ್ಲೂಬೆರಿ ತಮಿಳು ಓದುಗರಿಗೆ ‘ಕ್ಯಾಪ್ಟನ್ ಟೈಗರ್’. ಚೆನ್ನೈ ಪುಸ್ತಕ ಮೇಳದಲ್ಲಿ ಆ ಮಳಿಗೆಯ ಮುಂದೆ ಅಜ್ಜಂದಿರೂ ಮೊಮ್ಮಕ್ಕಳೂ ಒಟ್ಟಿಗೆ ನಿಂತಿರುವುದನ್ನು ನಾನು ಕಂಡಿದ್ದೇನೆ. ತಮಿಳು ಓದಲು ಬರುವ ಕನ್ನಡಿಗರು ನಮ್ಮಲ್ಲಿ ಬಹಳ ಜನ ಇದ್ದಾರೆ, ಅವರು ಇದನ್ನು ತಪ್ಪಿಸಿಕೊಳ್ಳಬಾರದು.

ಕೋಲ್ಕತ್ತದಲ್ಲಿ ಓದಿದವರು:

ಬಂಗಾಳಿಯ ಮಾತೂ ಸೇರಲಿ. ‘ಆನಂದಮೇಳ’ ಮಕ್ಕಳ ಪತ್ರಿಕೆಯಲ್ಲಿ ಕವಿ ನೀರೇಂದ್ರನಾಥ ಚಕ್ರವರ್ತಿ ಅವರು ಟಿನ್‌ಟಿನ್‌ನ ಅನುವಾದ ಮಾಡಿದರು. ಅಲ್ಲಿ ನಾಯಿಯ ಹೆಸರು ಕುಟ್ಟುಶ್. ಒಂದು ಕಚ್ಚಿ ತಿನ್ನುವ ಸದ್ದಿನಂತಿರುವ ಆ ಹೆಸರನ್ನು ಕೇಳಿದ ದಿನದಿಂದ ನನಗೆ ಇಂಗ್ಲಿಷಿನ ಸ್ನೋಯಿ ಎಂಬುದು ಪೇಲವವಾಗಿ ಕಾಣತೊಡಗಿತು. ಹಿಂದಿಯಲ್ಲಿ ಅದು ನಟ್‌ಖಟ್. ಕನ್ನಡಕ್ಕೆ ತಂದರೆ ನಾವು ಏನೆಂದು ಕರೆಯಬಹುದು? ನನ್ನ ಮಗ ‘ಚುರುಕ’ ಎನ್ನುತ್ತಾನೆ, ನಾನು ‘ಬೊಗ್ಗ’ ಎನ್ನುತ್ತೇನೆ.

ಧಾರವಾಡದ ಫ್ರೆಂಚ್ ಶಿಕ್ಷಕಿ:

ಟಿನ್‌ಟಿನ್‌ನ ಗೆಳೆಯ ಕ್ಯಾಪ್ಟನ್ ಹ್ಯಾಡಕ್‌ನ ಬೈಗುಳಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. ಫ್ರೆಂಚ್‌ನಲ್ಲಿ ಆತ ಹಡಗಿನ ಫಿರಂಗಿಯ ಕಿಂಡಿಗಳನ್ನು ಲಕ್ಷ ಕೋಟಿಗಳ ಲೆಕ್ಕದಲ್ಲಿ ಎಣಿಸುತ್ತಾನೆ, ಜರ್ಮನ್‌ನಲ್ಲಿ ನರಕದ ನಾಯಿಗಳನ್ನು ಲಕ್ಷದ ಲೆಕ್ಕದಲ್ಲಿ ಊಳಿಡಿಸುತ್ತಾನೆ. ಅಶ್ಲೀಲವಿಲ್ಲದೆ ಬಾಯಿ ತುಂಬುವಂತೆ ಬೈಯುವುದು ಆ ಪಾತ್ರದ ನಿಯಮ. ‘ನಿನ್ನ ಮನೆ ಕಾಯೋಗ’ ಎಂಬ ನಮ್ಮ ಹಿರಿಯರ ಮಾತು ಅವನ ಬಾಯಿಗೆ ಅಳತೆ ತೆಗೆದು ಹೊಲಿಸಿದಂತಿದೆ. ನಾಯಿಗೆ ನನ್ನ ಮತ ‘ಬೊಗ್ಗ’ನಿಗೆ.

ಮೈಸೂರಿನ ಓದುಗಿ:

ಹಿಂದಿರುಗಿ ಒಂದು ವಾರವಾಯಿತು. ನಿಮ್ಮೆಲ್ಲರ ಋಣ ತೀರಿಸಲು ವರದಿ ಒಪ್ಪಿಸುತ್ತಿದ್ದೇನೆ.

ಕಲೋನ್‌ನಲ್ಲಿ ಭಾನುವಾರ ಸಂಜೆ ರೈಲು ನಿಲ್ದಾಣದ ಅಂಗಡಿಗೆ ಹೋದೆ, ಡಸೆಲ್ಡಾರ್ಫ್‌ನವರು ಹೇಳಿದ ದಪ್ಪ ಪುಸ್ತಕಗಳು ಹೇಳಿದಂತೆಯೇ ಇದ್ದವು. ಒಂದನ್ನು ಕೊಂಡೆ. ಕೋಲ್ಶ್‌ನ ಆಸ್ಟೆರಿಕ್ಸ್ ಹಳೆ ಪುಸ್ತಕದಂಗಡಿಯಲ್ಲಿ ಸಿಕ್ಕಿತು. ನನಗೆ ಅದರಲ್ಲಿ ಒಂದಕ್ಷರವೂ ಅರ್ಥವಾಗಲಿಲ್ಲ, ಜರ್ಮನ್ ಬಲ್ಲ ಮಗಳಿಗೂ ಅರ್ಧದಷ್ಟು ಅರ್ಥವಾಗಲಿಲ್ಲ. ಮೇಲಿನ ಮನೆಯ ಎಂಬತ್ತರ ಹಿರಿಯರೊಬ್ಬರು ಅದನ್ನು ನೋಡಿ, ನಮ್ಮ ಅಡುಗೆಮನೆಯಲ್ಲಿ ಕುಳಿತು, ಪಾತ್ರಕ್ಕೊಂದು ದನಿ ಬದಲಿಸುತ್ತ ಒಂದು ಗಂಟೆ ಓದಿದರು. ಮನೆಯಲ್ಲಿ ತಾಯಿಯೊಂದಿಗೆ ಮಾತ್ರ ಆಡುತ್ತಿದ್ದ ಮಾತುಗಳು ಅಚ್ಚಾಗಿರುವುದನ್ನು ಓದುತ್ತಿದ್ದೇನೆಂದು ಅವರು ಹೇಳಿದಾಗ, ಆ ಪುಸ್ತಕವನ್ನು ನನ್ನ ಪೆಟ್ಟಿಗೆಗೆ ಹಾಕಿಕೊಳ್ಳಲು ಮನಸ್ಸಾಗಲಿಲ್ಲ. ಅವರಿಗೇ ಕೊಟ್ಟು ಬಂದೆ.

ಬ್ರಸೆಲ್ಸ್‌ನ ಸಂತೆಗೆ ತಲುಪಿದಾಗ ಸಣ್ಣ ಮಳೆ. ರಟ್ಟಿನ ಪೆಟ್ಟಿಗೆಗಳಿಗೆ ಪ್ಲಾಸ್ಟಿಕ್ ಹೊದಿಸಿದ್ದರು. ಯೂನಿಕಾರ್ನ್ ಕಥೆಯ ಡಚ್ ಪ್ರತಿಯನ್ನು, ಬೆನ್ನಿನ ಬಟ್ಟೆ ಹರಿದಿದ್ದರೂ, ಆ ಚೌಕದಲ್ಲಿ ನಿಂತೇ ಕೊಂಡೆ. ಒಳಪುಟದಲ್ಲಿ ಯಾವುದೋ ಮಗು ಪೆನ್ಸಿಲಿನಲ್ಲಿ ತನ್ನ ಹೆಸರನ್ನು ಮೂರು ಸಲ ಬರೆದಿದೆ. ವಸ್ತುಸಂಗ್ರಹಾಲಯದ ಪುಸ್ತಕದಂಗಡಿಯಲ್ಲಿ ಫ್ರೆಂಚ್ ಟಿನ್‌ಟಿನ್ ನಾಲ್ಕು, ಬ್ರಿಟನ್ನಿನ ಆಸ್ಟೆರಿಕ್ಸ್ ಒಂದು ತೆಗೆದುಕೊಂಡೆ. ಲಂಡನ್‌ನಲ್ಲಿ ಯೋಕೊ ತ್ಸುನೊ ಆರು, ಬ್ಲೇಕ್ ಮತ್ತು ಮಾರ್ಟಿಮರ್ ಮೂರು, ಆಸ್ಟೆರಿಕ್ಸ್‌ನ ಅದೇ ಕಥೆಯ ಇಂಗ್ಲಿಷ್ ಪ್ರತಿ ಒಂದು. ಸಣ್ಣ ಗಾತ್ರದ ಸಂಪುಟಗಳನ್ನು ಕೈಯಲ್ಲಿ ಹಿಡಿದು ನೋಡಿ ಹಿಂದಕ್ಕೆ ಇಟ್ಟೆ, ಲಂಡನ್‌ನವರ ಮಾತು ಸರಿ. ವಿಮಾನ ನಿಲ್ದಾಣದ ತಕ್ಕಡಿ 22.6 ಕಿಲೋ ತೋರಿಸಿತು.

ನೋಟುಪುಸ್ತಕದ ಹಳೆಯ ಪಟ್ಟಿಯಲ್ಲಿ ಒಂಬತ್ತು ಹೆಸರುಗಳ ಮುಂದೆ ಗುರುತು ಹಾಕಿದ್ದೇನೆ. ಧಾರವಾಡದ ಮೇಡಂ, ಬ್ರಿಟನ್ನಿನ ಆಲ್ಬಂನ ಎರಡೂ ಪ್ರತಿಗಳು ಈಗ ನನ್ನ ಮೇಜಿನ ಮೇಲೆ ತೆರೆದಿವೆ, ಐದನೆಯ ಪುಟದವರೆಗೆ ಬಂದಿದ್ದೇನೆ. ಅರ್ಥವಾಗದ ಚೌಕಗಳ ಪಟ್ಟಿಯನ್ನು ಇಂದು ರಾತ್ರಿ ಇಲ್ಲೇ ಹಾಕುತ್ತೇನೆ, ಬಿಡುವಾದಾಗ ನೋಡಿ.